ಎಡಕ್ಕೆ ತಿರುಗುವ ಗುಲಾಬಿ

ಎಡಗೈಯವರನ್ನು ಕಂಡರೆ ಜನಕ್ಕೆ ತಿದ್ದುವ ಚಪಲ. ಕೇಕಕ್ಕನಿಗೆ ಚಿಕ್ಕಂದಿನಿಂದಲೂ ಅದೇ ಪಾಡು. ಅಮ್ಮ ಚಮಚ ಕಿತ್ತು ಬಲಗೈಗೆ ಕೊಟ್ಟಳು, ಮೇಷ್ಟ್ರು ಬಳಪ ಕಿತ್ತು ಬಲಗೈಗೆ ಕೊಟ್ಟರು, ಮದುವೆಯಾದ ಮೇಲೆ ಅತ್ತೆ ಚಾಕುವನ್ನೇ ಕಿತ್ತುಕೊಂಡು, "ನೀನು ಹೆಚ್ಚೋದು ನೋಡಿದ್ರೆ ನನ್ನ ಎದೆ ಡವಡವ ಅನ್ನುತ್ತೆ, ಬಿಡಮ್ಮಾ" ಎಂದರು. ಯಾರು ಎಷ್ಟು ತಿದ್ದಿದರೂ ಆ ಕೈ ನಾಯಿಬಾಲದ ಹಾಗೆ ತನ್ನ ದಾರಿಗೇ ಬಂತು.

ಇಡೀ ಬೀದಿಗೆ ಅವಳು ಕೇಕಕ್ಕ. ಹುಟ್ಟಿದ ಹೆಸರು ನೆನಪಿರುವುದು ಬ್ಯಾಂಕಿನವರಿಗೆ ಮತ್ತು ಗಂಡನಿಗೆ. ಗಂಡನ ವಿಷಯದಲ್ಲಿ ಅದೂ ಅನುಮಾನ.

ಹರೆಯದಲ್ಲಿ ಅವಳು ದೊಡ್ಡ ಬೇಕರಿಯೊಂದರ ಹಿಂಗೋಣೆಯಲ್ಲಿ ತಟ್ಟೆ ತಿಕ್ಕುವ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಕ್ರೀಮಿನ ಹೂವು ಮಾಡುವ ಮೇಸ್ತ್ರಿ ಒಬ್ಬರಿದ್ದರು. ಬಲಗೈಯಲ್ಲಿ ಕ್ರೀಮ್ ತುಂಬಿದ ಚೀಲ, ಎಡಗೈ ಬೆರಳುಗಳ ನಡುವೆ ಅಗಲ ತಲೆಯ ಒಂದು ಮೊಳೆ. ಮೊಳೆಯನ್ನು ತಿರುಗಿಸುತ್ತಾ ಚೀಲ ಹಿಂಡಿದರೆ ಅದರ ತಲೆಯ ಮೇಲೆ ದಳದ ಪಕ್ಕ ದಳ ಕೂತು ಗುಲಾಬಿ ಅರಳುತ್ತಿತ್ತು. ಕಲಿಯುವವರೆಲ್ಲ ಮೇಸ್ತ್ರಿಯ ಬೆನ್ನ ಹಿಂದೆ ನಿಂತು ಹೆಗಲ ಮೇಲಿಂದ ಇಣುಕುತ್ತಿದ್ದರು. ಇವಳಿಗೆ ಹಾಗೆ ನೋಡಿದರೆ ತಲೆಬುಡ ಒಂದೂ ತಿಳಿಯುತ್ತಿರಲಿಲ್ಲ. ಒಂದು ದಿನ ತಟ್ಟೆ ಜೋಡಿಸುವ ನೆಪ ಮಾಡಿ ಮೇಜಿನ ಆಚೆ, ಅವರ ಎದುರಿಗೆ ನಿಂತಳು. ಕನ್ನಡಿ ನೋಡಿದಂತಾಯಿತು. ಅವರ ಬಲಗೈ ಇವಳ ಎಡಗೈಗೆ ಸರಿಯಾಗಿ ಎದುರಿಗಿತ್ತು. ಅವರು ಹಿಂಡಿದಂತೆ ಇವಳ ಕೈ ಗಾಳಿಯಲ್ಲಿ ಹಿಂಡಿತು. ಮೇಸ್ತ್ರಿ ಅದನ್ನು ಕಂಡರು, ಬೈಯಲಿಲ್ಲ, ಮಿಕ್ಕ ಕ್ರೀಮಿನ ಚೀಲವನ್ನು ಇವಳತ್ತ ದೂಡಿದರು.

"ಹೂವಿಗೆ ಎಡ ಬಲ ಅಂತ ಏನೂ ಇಲ್ಲ ಕಣಮ್ಮಾ. ಮಾಡು."

ಅವಳ ಕೈಯಿಂದ ಏನನ್ನೂ ಕಿತ್ತುಕೊಳ್ಳದ ಮೊದಲ ಮನುಷ್ಯ ಅವರು. ಹಾಗೆ ಎದುರಿಗೆ ನಿಂತು ಕಲಿತ ವಿದ್ಯೆಯಲ್ಲಿ ಒಂದೇ ಒಂದು ವ್ಯತ್ಯಾಸ ಉಳಿಯಿತು. ಮೇಸ್ತ್ರಿಯ ಗುಲಾಬಿಯ ದಳಗಳು ಬಲಕ್ಕೆ ಸುತ್ತಿಕೊಂಡರೆ ಇವಳವು ಎಡಕ್ಕೆ. ತಿನ್ನುವವರು ಅದನ್ನೆಲ್ಲಿ ನೋಡುತ್ತಾರೆ? ಕೇಕಕ್ಕನಿಗೆ ಮಾತ್ರ ಅದು ಒಳಗೊಳಗೇ ಹೆಮ್ಮೆ. ಊರೆಲ್ಲ ತಿದ್ದಲು ನೋಡಿದ ಕೈ, ತಾನು ಹೋದಲ್ಲೆಲ್ಲ ತನ್ನ ಗುರುತು ಬಿಟ್ಟು ಬರುತ್ತಿತ್ತು.

ಆಮೇಲೆ ಸ್ವಂತ ಅಂಗಡಿಯಾಯಿತು. ಮುಂದೆ ಗಿರಾಕಿಗಳು ನಿಲ್ಲುವ ಗಲ್ಲಾ, ಹಿಂದೆ ಅಡುಗೆಕೋಣೆ, ನಡುವಿನ ಗೋಡೆಯಲ್ಲಿ ಕೇಕಿನ ಡಬ್ಬ ದಾಟಿಸುವಷ್ಟು ಕಿಂಡಿ. ಹಿಂದೆ ಕೇಕಕ್ಕ, ಮುಂದೆ ಅವಳ ತಂಗಿ. ಅಮ್ಮ ಹೋದಾಗ ಈ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಜಡೆ ಹೆಣೆದು, ಜ್ವರ ಬಂದಾಗ ಪಕ್ಕ ಕೂತು, ಕಾಲೇಜು ಮುಗಿಸಿ, ತನ್ನ ಮಗಳಂತೆಯೇ ಬೆಳೆಸಿದ್ದಳು. ದೇವರು ಅಕ್ಕನಿಗೆ ಕೈ ಕೊಟ್ಟು ತಂಗಿಗೆ ಬಾಯಿ ಕೊಟ್ಟಿದ್ದ. ಕಲ್ಲನ್ನೂ ಮಾತಾಡಿಸಿ ಅದಕ್ಕೊಂದು ಕೇಕ್ ಮಾರುವಂಥ ಹುಡುಗಿ. ಫೋನು, ಆರ್ಡರು, ಅಂಗಡಿಯ ವೆಬ್‌ಸೈಟು ಎಲ್ಲ ಅವಳದೇ. ದಿನಾ ಬೆಳಿಗ್ಗೆ ಅಕ್ಕನ ಎರಡೂ ಕೈ ಕ್ರೀಮಿನಲ್ಲಿರುವಾಗ ಕಿಂಡಿಯ ಬಳಿ ನಿಂತು ಗಿರಾಕಿಗಳ ಮೆಸೇಜು ಓದಿ ಹೇಳುತ್ತಿದ್ದಳು. "ಅಕ್ಕಾ ಕೇಳು, 'ಕೇಕ್ ಬಹಳ ಚೆನ್ನಾಗಿತ್ತು, ಹೂವನ್ನ ಕತ್ತರಿಸೋಕೇ ಮನಸ್ಸು ಬರಲಿಲ್ಲ' ಅಂತ ಬರ್ದಿದ್ದಾರೆ." ಕೇಕಕ್ಕ ತಲೆ ಎತ್ತದೆ "ಹೂಂ" ಎನ್ನುತ್ತಿದ್ದಳು. ಆ "ಹೂಂ" ಬಾಯಿಂದ ಬರುವಾಗ ಹೊಟ್ಟೆ ತುಂಬಿರುತ್ತಿತ್ತು.

ಅಂಗಡಿಯ ಅದೃಷ್ಟ ತಿರುಗಿದ್ದು ಡಾಕ್ಟರ ಮಗಳ ಮದುವೆ ಕೇಕಿನಿಂದ. ಡಾಕ್ಟರ ಹೆಂಡತಿ ಫೋನಿನಲ್ಲಿ ಎಲ್ಲಿಂದಲೋ ಒಂದು ಚಿತ್ರ ತಂದು ತೋರಿಸಿ, "ಇದೇ ಥರ ಬೇಕು" ಎಂದಿದ್ದರು. ಬಿಳಿಯ ಮೂರು ಅಂತಸ್ತು, ಮೇಲಿನಿಂದ ಕೆಳಗೆ ಒಂದು ಪಕ್ಕಕ್ಕೆ ಇಳಿದುಬರುವ ಗುಲಾಬಿಗಳ ಸಾಲು. ಕೇಕಕ್ಕ ನಿದ್ದೆಗೆಟ್ಟು ಅದನ್ನು ಮಾಡಿದಳು. ಗಂಡ ವ್ಯಾನಿನಲ್ಲಿ ಹೊತ್ತೊಯ್ದ, ಜೊತೆಗೆ ತಂಗಿ ಹೋದಳು. ಸಂಜೆ ತಂಗಿ ಬಂದು, "ನೋಡಕ್ಕಾ, ನಿನ್ನ ಕೇಕ್!" ಎಂದು ಫೋನನ್ನು ಮುಖದ ಮುಂದೆ ಹಿಡಿದಳು. ಅಂಗೈಯಗಲದ ಗಾಜಿನಲ್ಲಿ ಅಷ್ಟು ಚಂದದ ಕೇಕು. ಕೇಕಕ್ಕನ ಕಣ್ಣು ಮಂಜಾಯಿತು, ಮಂಜಾದ ಕಣ್ಣಿಗೆ ಇನ್ನೇನು ಕಾಣುತ್ತದೆ?

ಅದೇ ಚಿತ್ರ ವೆಬ್‌ಸೈಟಿನ ಮೊದಲ ಪುಟಕ್ಕೆ ಹೋಯಿತು. ಪಕ್ಕದ ಜೆರಾಕ್ಸ್ ಅಂಗಡಿಯವರು, ಬೀದಿಗೆಲ್ಲ ಜೆರಾಕ್ಸಣ್ಣ, ಅದನ್ನು ಬಾಗಿಲಷ್ಟು ದೊಡ್ಡದಾಗಿ ಮಾಡಿಸಿಕೊಟ್ಟರು. ತಂಗಿ ಅದನ್ನು ಗಲ್ಲಾದ ಹಿಂದಿನ ಗೋಡೆಗೆ ಹಾಕಿದಳು. ಮದುವೆ ಆರ್ಡರುಗಳು ಸಾಲುಗಟ್ಟಿದವು. ಕೇಕಕ್ಕ ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗುವವಳು. ಅಪರೂಪಕ್ಕೆ ಮುಂದೆ ಬಂದರೂ ಆ ಚಿತ್ರವನ್ನು ದಿಟ್ಟಿಸಲು ನಾಚಿಕೆ. ಹತ್ತು ಜನರೆದುರು ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಂಡ ಹಾಗೆ ಅನ್ನಿಸುತ್ತಿತ್ತು.

ಆಗೊಮ್ಮೆ ಈಗೊಮ್ಮೆ ಯಾರಾದರೂ, "ಫೋಟೊದಲ್ಲಿ ಇರೋ ಹಾಗೆ ಬಂದಿಲ್ಲ" ಎನ್ನುವುದಿತ್ತು. "ಚೌಕಾಸಿ ಮಾಡೋಕೆ ಹಾಗಂತಾರೆ, ನೀನು ತಲೆ ಕೆಡಿಸ್ಕೋಬೇಡ" ಎನ್ನುತ್ತಿದ್ದಳು ತಂಗಿ. ಒಮ್ಮೆ ಮದುಮಗಳ ತಾಯಿಯೊಬ್ಬಳು ಅದೇ ಮಾತಾಡಿದಾಗ ಕೇಕಕ್ಕನಿಗೆ ತಡೆಯಲಾಗಲಿಲ್ಲ. ಕ್ರೀಮಿನ ಕೈಯಲ್ಲೇ ಹೊರಗೆ ಬಂದು, "ಅದನ್ನ ಮಾಡಿದ್ದೂ ಇದೇ ಕೈ, ಇದನ್ನ ಮಾಡಿದ್ದೂ ಇದೇ ಕೈ. ಕೈಗೆ ಗೊತ್ತಿಲ್ಲದ್ದು ನಿಮ್ಮ ಕಣ್ಣಿಗೆ ಗೊತ್ತಾಯ್ತಾ?" ಎಂದು ದಬಾಯಿಸಿದ್ದಳು. ಆ ಹೆಂಗಸು ದುಡ್ಡು ಕೊಟ್ಟು, ಕಣ್ಣೊರೆಸಿಕೊಂಡು ಹೋಗಿದ್ದಳು.

ಇಂತಿರುವಾಗ ಒಂದು ಮಧ್ಯಾಹ್ನ ಜೆರಾಕ್ಸಣ್ಣ ಕೈಯಲ್ಲೊಂದು ಹಾಳೆ ಹಿಡಿದು ಬಂದರು. ಅಂಗಡಿಯ ಬಿಲ್ಲುಗಳು ಅಚ್ಚಾಗುವುದು ಅವರಲ್ಲೇ, ಹಾಗಾಗಿ ಅಂಗಡಿಯ ಮೇಲ್ ಅವರ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತಿತ್ತು.

"ಕೇಕಕ್ಕಾ, ಇದೇನೋ ದುಡ್ಡು ಕೇಳಿ ಮೇಲ್ ಬಂದಿದೆ ನೋಡಿ. ಗಾಬರಿಯಾಗಬೇಡಿ."

ಗಾಬರಿಯಾಗಬೇಡಿ ಎಂದ ಮೇಲೆ ಯಾರು ತಾನೇ ಸುಮ್ಮನಿರುತ್ತಾರೆ? ಅವರೇ ಓದಿ ಹೇಳಿದರು. ದೂರದ ಪಟ್ಟಣದ ಕೇಕ್ ಅಂಗಡಿಯೊಂದು ಬರೆದ ಮೇಲ್ ಅದು. ನಿಮ್ಮ ವೆಬ್‌ಸೈಟಿನಲ್ಲಿರುವ ಮದುವೆ ಕೇಕಿನ ಚಿತ್ರ ನಮ್ಮದು, ಕೇಳದೆ ಬಳಸಿದ್ದೀರಿ, ಕೂಡಲೇ ತೆಗೆಯಿರಿ, ಇಷ್ಟು ವರ್ಷ ಬಳಸಿದ್ದಕ್ಕೆ ಹಣ ಕೊಡಿ, ಹಿಂದಿನ ಎರಡು ಮೇಲ್‌ಗಳಿಗೂ ನೀವು ಉತ್ತರ ಕೊಟ್ಟಿಲ್ಲ, ಈ ಸಲವೂ ಕೊಡದಿದ್ದರೆ ವಕೀಲರ ಮೂಲಕ ಬರುತ್ತೇವೆ ಎಂದಿತ್ತು. ಕೇಳಿದ್ದ ಹಣ ಅಂಗಡಿಯ ಕೆಲವು ತಿಂಗಳ ಬಾಡಿಗೆಯಷ್ಟು.

ತಂಗಿ ಹಾಳೆಯನ್ನು ಅರ್ಧ ಓದಿ ಮಡಚಿದಳು.

"ಫ್ರಾಡ್ ಇದು. ನಿನಗೆ ಗೊತ್ತಾಗಲ್ಲ ಅಕ್ಕಾ, ನಾನು ಹೇಳ್ತೀನಿ ಕೇಳು. ಗುರುತು ಪರಿಚಯ ಇಲ್ಲದವರು ಬರೀತಾರೆ, ಅದು ಒಂದು. ಬೇಗ ಬೇಗ ಅಂತ ಅವಸರ ಮಾಡ್ತಾರೆ. ವಕೀಲರು, ಪೊಲೀಸು ಅಂತ ಹೆದರಿಸ್ತಾರೆ. ಮೊದಲೇ ಎರಡು ಸಲ ಬರ್ದಿದ್ವಿ ಅಂತ ಸುಳ್ಳು ಹೇಳ್ತಾರೆ. ಇದರಲ್ಲಿ ಎಲ್ಲಾ ಇದೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಡಿಲೀಟ್ ಮಾಡಿ ಜೆರಾಕ್ಸಣ್ಣಾ."

ಗುರುತುಗಳು ಸರಿಯಾಗಿಯೇ ಇದ್ದವು. ಆದರೆ ಜೆರಾಕ್ಸಣ್ಣ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯಲ್ಲ. ಮೇಲ್ ಬಂದಿದ್ದನ್ನೂ ನಂಬುವುದಿಲ್ಲ, ಅದು ಸುಳ್ಳು ಎಂದವರನ್ನೂ ನಂಬುವುದಿಲ್ಲ. "ಇರ್ಲಿ ಇರ್ಲಿ. ಇದರಲ್ಲಿ ಎಲ್ಲೂ ಒತ್ತಿ ಅಂತ ಲಿಂಕ್ ಕೊಟ್ಟಿಲ್ಲ. ಓಟಿಪಿ ಕೇಳಿಲ್ಲ. ಅಂಗಡಿ ವಿಳಾಸ ಪೂರ್ತಿ ಹಾಕಿದ್ದಾರೆ. ಹೀಗೆ ಮಾಡೋಣ. ಮೇಲ್‌ನಲ್ಲಿರೋ ನಂಬರಿಗೆ ಫೋನ್ ಮಾಡೋದು ಬೇಡ. ಆ ಹೆಸರಿನ ಅಂಗಡಿ ನಿಜವಾಗ್ಲೂ ಇದೆಯಾ ಅಂತ ನಾವೇ ಹುಡುಕಿ, ಅಲ್ಲಿ ಸಿಕ್ಕಿದ ನಂಬರಿಗೆ ಮಾಡೋಣ. ಕಳ್ಸಿದ್ದು ಅವರೇನಾ ಇಲ್ಲ ಬೇರೆ ಯಾರಾದ್ರೂ ಅವರ ಹೆಸರು ಹೇಳ್ಕೊಂಡಿದ್ದಾರಾ ಗೊತ್ತಾಗುತ್ತೆ."

"ಯಾಕೆ ಸುಮ್ಮನೆ ಹಾವಿನ ಹುತ್ತಕ್ಕೆ ಕೈ ಹಾಕ್ತೀರಿ?" ಎಂದಳು ತಂಗಿ. ಅವಳ ದನಿ ಕೊಂಚ ಜೋರಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಗೆ ಅವಳ ಕಣ್ಣು ಒಮ್ಮೆ ಗೋಡೆಯ ಚಿತ್ರದ ಕಡೆ ಹೋಗಿ ಬಂತು. ಅಕ್ಕ ಅದನ್ನು ನೋಡಲಿಲ್ಲ. ಅವಳಿಗೆ ಬೇರೆಯದೇ ಬೆಂಕಿ ಹತ್ತಿತ್ತು.

ಅಂಗಡಿ ಇತ್ತು. ಜೆರಾಕ್ಸಣ್ಣನ ಕಂಪ್ಯೂಟರಿನಲ್ಲಿ ಅದರ ಪುಟ ಸಿಕ್ಕಿತು, ಪುಟದಲ್ಲಿ ಅದೇ ಕೇಕು ಇತ್ತು. ಅಂದರೆ ಮೇಲ್ ಕಳಿಸಿದವರು ನಿಜವಾದ ಮನುಷ್ಯರೇ. "ಹಾಗಾದ್ರೆ ಅವರೇ ಕಳ್ಳರು!" ಎಂದಳು ಕೇಕಕ್ಕ. "ನನ್ನ ಕೇಕಿನ ಫೋಟೊ ಕದ್ದು, ನನಗೇ ಕಳ್ಳಿ ಅಂತಾರಾ? ಮಾಡಿ ಫೋನು. ನಾನೇ ಮಾತಾಡ್ತೀನಿ."

ಆ ಕಡೆ ಫೋನೆತ್ತಿದ್ದೂ ಒಬ್ಬ ಹೆಂಗಸು. ಹೌದು, ಮೇಲ್ ಕಳಿಸಿದ್ದು ನಾವೇ ಎಂದಳು.

"ಏನಮ್ಮಾ ನೀನು, ಆ ಕೇಕ್ ಮಾಡಿದ್ದು ನಾನು. ಈ ಕೈಯಲ್ಲಿ."

"ಇಲ್ಲ ಕಣ್ರೀ. ಮಾಡಿದ್ದು ನಾನು."

"ನನ್ನ ಹೂವಿಗೆ ಗುರುತಿದೆ. ನಂದು ಎಡಗೈ. ನನ್ನ ಗುಲಾಬಿ ಎಡಕ್ಕೆ ಸುತ್ತುತ್ತೆ. ನಿನ್ನ ಕೈಲಿ ಹಾಗೆ ಮಾಡೋಕಾಗುತ್ತಾ? ಫೋಟೊ ಇದೆಯಲ್ಲ ನಿನ್ನ ಹತ್ರ, ನೋಡ್ಕೋ!"

ಆ ಹೆಂಗಸು ಜಗಳದ ದನಿಯನ್ನೆಲ್ಲ ಬಿಟ್ಟು, ಮೆತ್ತಗೆ, "ನೀವೇ ಒಂದ್ಸಲ ನೋಡಿ ಅಕ್ಕಾ. ಆಮೇಲೆ ಫೋನ್ ಮಾಡಿ" ಎಂದಳು.

ಕೇಕಕ್ಕ ತನ್ನ ಅಂಗಡಿಯ ಅಡುಗೆಕೋಣೆಗೆ ಹೋಗಿ, ಆ ದಿನವೇ ಮಾಡಿಟ್ಟಿದ್ದ ಗುಲಾಬಿಯೊಂದನ್ನು ಹೂವಿನಡಿಯ ಬಿಲ್ಲೆ ಕಾಗದದ ಸಮೇತ ಅಂಗೈಯಲ್ಲಿಟ್ಟುಕೊಂಡು ಬಂದಳು. ಗಲ್ಲಾದ ಹಿಂದೆ ಸ್ಟೂಲ್ ಎಳೆದು ಹತ್ತಿದಳು. "ಅಕ್ಕಾ ಬೀಳ್ತೀಯ, ಇಳಿ" ಎಂದಳು ತಂಗಿ. ಇವಳು ಗುಲಾಬಿಯನ್ನು ಚಿತ್ರದ ಗುಲಾಬಿಯ ಪಕ್ಕ ಹಿಡಿದಳು. ಮೊದಲು ತುದಿಯ ಹೂವು ನೋಡಿದಳು. ಅದರ ಕೆಳಗಿನದು ನೋಡಿದಳು. ಹಾಗೇ ಸಾಲು ಹಿಡಿದು ಕೊನೆಯ ಮೊಗ್ಗಿನವರೆಗೆ ಬಂದಳು. ಒಂದು ಹೂವಾದರೂ, ಒಂದೇ ಒಂದಾದರೂ ತನ್ನ ಕಡೆಗೆ ತಿರುಗಿರಬಾರದೇ ಎಂದು ಹುಡುಕಿದಳು. ಎಲ್ಲವೂ ಬಲಕ್ಕೆ ಸುತ್ತಿಕೊಂಡಿದ್ದವು.

ಬಾಗಿಲಷ್ಟು ದೊಡ್ಡ ಚಿತ್ರ. ಇಷ್ಟು ವರ್ಷ ಅವಳ ತಲೆಯಿಂದ ನಾಲ್ಕು ಮಾರು ದೂರದಲ್ಲಿ ನೇತಾಡುತ್ತಿತ್ತು.

"ಫೋಟೊ ಉಲ್ಟಾ ಆಗಿರುತ್ತೆ ಅಕ್ಕಾ," ಎಂದಳು ತಂಗಿ ಹಿಂದಿನಿಂದ. "ಫೋನಲ್ಲಿ ತೆಗೆದಾಗ ಒಮ್ಮೊಮ್ಮೆ ಕನ್ನಡಿ ಥರ ತಿರುಗಿಬಿಡುತ್ತೆ. ಎಡ ಬಲ ಆಗುತ್ತೆ."

ಕೇಕಕ್ಕನ ಜೀವ ಮರಳಿ ಬಂದಂತಾಯಿತು. ಹೌದಲ್ಲ! ಕನ್ನಡಿಯಿಂದಲೇ ಕಲಿತವಳಿಗೆ ಇದು ಹೊಳೆಯಲಿಲ್ಲವೇ? ತಂಗಿಯನ್ನು ಅನುಮಾನಿಸಿದ್ದಕ್ಕೆ ನಾಚಿಕೆಯೂ ಆಯಿತು. ನಗುತ್ತಲೇ ಇನ್ನೊಮ್ಮೆ ಚಿತ್ರದ ಕಡೆ ತಿರುಗಿದಳು. ಕೇಕಿನ ಹಿಂದೆ, ಮಸುಕಾಗಿ, ಗೋಡೆ ಗಡಿಯಾರವೊಂದು ಕಾಣುತ್ತಿತ್ತು. ಮದುವೆಮನೆಯ ಗಡಿಯಾರ ಎಂದುಕೊಂಡಿದ್ದಳು ಇಷ್ಟು ದಿನ. ಅದರ ಅಂಕಿಗಳು ನೆಟ್ಟಗಿದ್ದವು. ಮೂರು ಬಲಗಡೆ, ಒಂಬತ್ತು ಎಡಗಡೆ. ಚಿತ್ರ ತಿರುಗಿರಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಸ್ಟೂಲಿನಿಂದ ಇಳಿಯುವಾಗ ಅವಳ ಕೈಯ ಗುಲಾಬಿ ಬೆರಳ ಸಂದಿಯಲ್ಲಿ ಕರಗಿ ಅಪ್ಪಚ್ಚಿಯಾಗಿತ್ತು.

ಜೆರಾಕ್ಸಣ್ಣ ಏನೋ ನೆನಪಾದವರಂತೆ ತಮ್ಮ ಅಂಗಡಿಗೆ ಹೋದರು. ಒಳ್ಳೆಯ ಮನುಷ್ಯ, ನೋಡಬಾರದ್ದು ಯಾವುದೆಂದು ಅವರಿಗೆ ಗೊತ್ತು.

"ಡಾಕ್ಟರ ಹೆಂಡತಿ ತೋರಿಸಿದ್ರಲ್ಲ, ಆ ಫೋಟೊನೇ ಅಲ್ವಾ ಇದು?" ಎಂದಳು ಕೇಕಕ್ಕ.

ತಂಗಿ ಹೌದೆಂದು ತಲೆಯಾಡಿಸಿದಳು.

"ನಾನು ಮಾಡಿದ್ದು?"

"ವ್ಯಾನಲ್ಲಿ ಸ್ವಲ್ಪ ವಾಲಿಬಿಟ್ಟಿತ್ತು ಅಕ್ಕಾ. ಬಿಸಿಲಿತ್ತು. ಮೇಲಿನ ಅಂತಸ್ತು ಒಂದು ಕಡೆ ಜರುಗಿತ್ತು. ಅಲ್ಲಿ ಯಾರೂ ಏನೂ ಅನ್ನಲಿಲ್ಲ, ಆಣೆ. ತಿಂದವರೆಲ್ಲ ಹೊಗಳಿದ್ರು. ಆದ್ರೆ ಫೋಟೊದಲ್ಲಿ... ನೀನು ಎಷ್ಟು ಆಸೆಯಿಂದ ಕಾಯ್ತಿದ್ದೆ. ಅದನ್ನ ಹೇಗೆ ತೋರಿಸಲಿ? ಅದಕ್ಕೇ ಅವರ ಫೋಟೊ ತೋರಿಸಿದೆ. ಒಂದು ದಿನದ ಮಟ್ಟಿಗೆ ಅಂದ್ಕೊಂಡೆ. ನೀನು ಅತ್ತುಬಿಟ್ಟೆ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಆ ಎರಡು ಮೇಲು?"

"ಬಂದಿತ್ತು. ಅಳಿಸಿದೆ."

"ವೆಬ್‌ಸೈಟಲ್ಲಿರೋ ಬೇರೆ ಫೋಟೊಗಳು?"

ತಂಗಿ ಸುಮ್ಮನಿದ್ದಳು. ಹೀಗೆ ಸುಮ್ಮನಾಗುವವಳಲ್ಲ ಅವಳು, ಆ ಮೌನವೇ ಸಾಕಾಯಿತು. ಆಮೇಲೆ ಒಮ್ಮೆಗೇ ಮಾತು ಕಟ್ಟೆಯೊಡೆಯಿತು. "ಜನ ಬಂದ್ರಲ್ಲ ಅಕ್ಕಾ! ಫೋಟೊ ನೋಡಿ ಬಂದ್ರು, ತಿಂದಿದ್ದು ನಿನ್ನ ಕೇಕೇ ತಾನೆ? ಅಂಗಡಿ ನಡೀತಲ್ಲ? ನಾನು ಯಾರಿಗೋಸ್ಕರ ಮಾಡಿದೆ? ನನಗೋಸ್ಕರನಾ?"

ಕೇಕಕ್ಕನ ಕಣ್ಣ ಮುಂದೆ ಆ ಮದುಮಗಳ ತಾಯಿ ನಿಂತಿದ್ದಳು. ಆ ಹೆಂಗಸು ಹೇಳಿದ್ದು ಕಣ್ಣಿಗೆ ಕಂಡ ಸತ್ಯ. ಅದಕ್ಕೆ ಅವಳನ್ನು ನಾಲ್ಕು ಜನರ ಮುಂದೆ ಬೈದು, ಅಳಿಸಿ, ದುಡ್ಡೂ ಇಸಿದುಕೊಂಡಿದ್ದಾಯಿತು. ಬೈದ ಬಾಯಿ ತನ್ನದು, ಬೈಯಿಸಿದವಳು ತಂಗಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಕಳ್ಳರು ದೂರದಲ್ಲಿ ಇರುತ್ತಾರೆ, ಮೇಲ್ ಕಳಿಸುತ್ತಾರೆ, ಅವರಿಗೆ ಗುರುತುಗಳಿರುತ್ತವೆ ಎಂದು ಪಾಠ ಹೇಳಿಕೊಟ್ಟವಳು ಇವಳೇ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ಬೆಚ್ಚಿಬೀಳಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತಾ, "ನಿನಗೆ ಬೇಜಾರಾಗುತ್ತೆ ಅಂತ..." ಎಂದ. ವ್ಯಾನು ಓಡಿಸಿದವನು ಅವನೇ, ಕೇಕು ವಾಲಿದ್ದು ಅವನ ಬೆನ್ನ ಹಿಂದೆಯೇ. ಮನೆಯಲ್ಲಿ ಗೊತ್ತಿಲ್ಲದವಳು ತಾನೊಬ್ಬಳೇ ಎಂಬುದು ಆಗ ಗೊತ್ತಾಯಿತು. ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಮಾರನೆಯ ದಿನ ಅವಳೇ ಆ ಹೆಂಗಸಿಗೆ ಫೋನ್ ಮಾಡಿದಳು. "ಹೂವು ನಿಮ್ಮದೇ. ನನ್ನದಲ್ಲ. ದುಡ್ಡು ಸ್ವಲ್ಪ ಸ್ವಲ್ಪ ಕೊಡ್ತೀನಿ" ಎಂದಳು. ಆ ಕಡೆಯವಳು ಅನುಮಾನದಿಂದ, "ನೀವು ನಿಜವಾಗ್ಲೂ ಆ ಅಂಗಡಿಯವರೇನಾ?" ಎಂದು ಕೇಳಿದಳು. ಇಷ್ಟು ಸಲೀಸಾಗಿ ಯಾರೂ ಒಪ್ಪುವುದಿಲ್ಲವಂತೆ, ಇದೇನೋ ಮೋಸವಿರಬೇಕು ಎನ್ನಿಸಿತಂತೆ. ನಿನ್ನೆಯಿಂದ ಮೊದಲ ಸಲ ಕೇಕಕ್ಕನಿಗೆ ನಗು ಬಂತು. ಆ ಹೆಂಗಸೂ ನಕ್ಕಳು, ಹಣವನ್ನು ಅರ್ಧಕ್ಕೆ ಇಳಿಸಿದಳು. ನಂಬಿಕೆಯ ಮಾತು ಅಂತ ಆ ವಾರ ಅವಳು ಆಡಿದ್ದು ಆ ಅಪರಿಚಿತೆಯ ಜೊತೆ ಮಾತ್ರ.

ಗೋಡೆಯ ಚಿತ್ರ ಇಳಿಯಿತು. ಅದಿದ್ದ ಜಾಗದಲ್ಲಿ ಸುಣ್ಣ ಬೆಳ್ಳಗೆ, ಬಾಗಿಲಿನ ಆಕಾರದಲ್ಲಿ ಉಳಿಯಿತು. ವೆಬ್‌ಸೈಟಿನಲ್ಲಿ ಈಗ ಅವಳವೇ ಕೇಕುಗಳು ಇವೆ, ಆರ್ಡರು ಕಡಿಮೆಯಾಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದನ್ನು ಮರೆತು ಆ ಚಿತ್ರಗಳನ್ನು ನೋಡಲು ಅವಳು ಕಲಿಯುತ್ತಿದ್ದಾಳೆ. ಕೆಲವು ಚೆನ್ನಾಗಿವೆ. ಒಂದೆರಡು ವಾಲಿವೆ.

ತಂಗಿಯನ್ನು ಅವಳು ಮನೆಯಿಂದ ಹೊರಗೆ ಹಾಕಲಿಲ್ಲ. ತಾನೇ ಎತ್ತಿ ಆಡಿಸಿದವಳನ್ನು ಎಲ್ಲಿಗೆ ಹಾಕುವುದು? ಒಂದು ಬೆಳಿಗ್ಗೆ ಇಬ್ಬರೇ ಇದ್ದಾಗ ಕೇಳಿದಳು: "ನಿಜ ಹೇಳು. ನನ್ನ ಹೂವು ನಿನಗೆ ಒಂದು ದಿನವಾದ್ರೂ ಚೆನ್ನಾಗಿ ಕಂಡಿದೆಯಾ?" ತಂಗಿ ಕೂಡಲೇ, "ತುಂಬಾ ಚೆನ್ನಾಗಿರುತ್ತೆ ಅಕ್ಕಾ, ನಿನ್ನಾಣೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಕೇಕಕ್ಕ ಆ ಮುಖವನ್ನು ಬಹಳ ಹೊತ್ತು ನೋಡಿದಳು. ತಾನೇ ಜಡೆ ಹೆಣೆದು, ಕಣ್ಣಿಗೆ ಕಾಡಿಗೆ ಹಚ್ಚಿದ ಮುಖ. ಮೇಲ್ ಸುಳ್ಳೋ ನಿಜವೋ ಎಂದು ನೋಡಲು ಅವಳಿಗೀಗ ಎಲ್ಲ ಗುರುತುಗಳೂ ಬಾಯಿಪಾಠ. ಈ ಮುಖಕ್ಕೆ ಅಂಥ ಗುರುತು ಒಂದೂ ಇರಲಿಲ್ಲ.

ಕೆಲವು ದಿನಗಳಾದ ಮೇಲೆ, ಹಳೆಯ ಅಭ್ಯಾಸದಂತೆ, ತಂಗಿ ಕಿಂಡಿಯ ಬಳಿ ಬಂದಳು. "ಅಕ್ಕಾ, ನಿನ್ನೆಯ ಕೇಕಿನವರು ಬರ್ದಿದ್ದಾರೆ. 'ಹೂವು ನೋಡಿ ನಮ್ಮಜ್ಜಿ ನಿಜದ್ದು ಅಂತ ಮೂಸಿ ನೋಡಿದ್ರು' ಅಂತೆ." ಕೇಕಕ್ಕನ ಎಡಗೈಯಲ್ಲಿ ಚೀಲವಿತ್ತು, ಮೊಳೆಯ ಮೇಲೆ ಗುಲಾಬಿ ಅರ್ಧ ಅರಳಿತ್ತು. ಎಷ್ಟು ವರ್ಷದ ಕೆಲಸದಲ್ಲೂ ಅರ್ಧ ಹೂವಿಗೆ ಅವಳು ಕೈ ನಿಲ್ಲಿಸಿದ್ದಿಲ್ಲ. ಈಗ ಚೀಲ ಕೆಳಗಿಟ್ಟಳು, ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡಳು, ಕಿಂಡಿಯಿಂದ ಕೈ ಚಾಚಿದಳು.

"ಕೊಡಿಲ್ಲಿ. ನಾನೇ ಓದ್ತೀನಿ."

ತಂಗಿ ಕೊಟ್ಟಳು. ಕೇಕಕ್ಕ ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿಯಾಡಿಸುತ್ತಾ ಓದಿದಳು. ತಂಗಿ ಹೇಳಿದ್ದಕ್ಕಿಂತ ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಅಜ್ಜಿ ನಿಜವಾಗಿಯೂ ಹೂವನ್ನು ಮೂಸಿದ್ದರು. ಅವಳು ಫೋನು ಹಿಂದಕ್ಕೆ ಕೊಟ್ಟು, ಒಣಗಿಹೋಗಿದ್ದ ಅರ್ಧ ಗುಲಾಬಿಯನ್ನು ಕೆರೆದು ಹಾಕಿ, ಹೊಸದು ಶುರುಮಾಡಿದಳು.

ಮರುದಿನ ತಂಗಿ ಕಿಂಡಿಯ ಬಳಿ ಬಂದಾಗಲೂ ಅವಳು ಚೀಲ ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನು ಕೇಳಿದಳು.